ಸುದ್ದಿಗೆ ತಾರೀಕೂ ಬೇಕು, ವಿಳಾಸವೂ ಬೇಕು

ಕೋಲಾರ ತಾಲೂಕಿನ ಹೋಳೂರು ಕಡೆ ಟೊಮೆಟೊ ಬೆಳೆಯುವವರು ರಾತ್ರಿ ಬಾಕ್ಸು ತುಂಬುವ ಮೊದಲು ಒಮ್ಮೆ ಫೋನು ನೋಡುತ್ತಾರೆ. ವಾಟ್ಸಾಪಿನಲ್ಲಿ ಒಂದು ಸಾಲು ಬಂದಿರುತ್ತದೆ: ‘ಇವತ್ತು ಕೋಲಾರ ಮಾರ್ಕೆಟ್ಟಿನಲ್ಲಿ ಬಾಕ್ಸಿಗೆ ಇಷ್ಟು.’ ಇವತ್ತು ಎಂದರೆ ಯಾವತ್ತು? ಬರೆದವರು ಯಾರು? ಗೊತ್ತಿಲ್ಲ. ಸಂದೇಶ ಹತ್ತು ಗುಂಪು ದಾಟಿ ಬಂದಿದೆ, ದಾರಿಯಲ್ಲಿ ಅದರ ತಾರೀಕು ಎಲ್ಲೋ ಬಿದ್ದುಹೋಗಿದೆ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಕೇಳುವವರಿರಲಿಲ್ಲ. ಇಷ್ಟು ಬೇಗ ಏರಿ ಇಳಿಯುವ ಸರಕಿನ ವಿಷಯದಲ್ಲಿ ತಾರೀಕಿಲ್ಲದ ಸುದ್ದಿ ಸುದ್ದಿಯೇ ಅಲ್ಲ. ಅದನ್ನು ನಂಬಿ ಆಳು ಕರೆದು ಕಾಯಿ ಕೀಳಿಸಿದವರಿಗೆ ಕೂಲಿಯೂ ಹುಟ್ಟುವುದಿಲ್ಲ.

ದುಡ್ಡು ಹೋದರೆ ಹೋಯಿತು, ಇನ್ನೊಂದು ಬೆಳೆಗೆ ಸಂಪಾದಿಸಬಹುದು. ಜೀವ ಹೋದರೆ? 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಜನರ ಗುಂಪು ಹೊಡೆದು ಕೊಂದಿತು. ಗೆಳೆಯರ ಜೊತೆ ತಿರುಗಾಡಲು ಬಂದಿದ್ದ ಹುಡುಗ. ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ನೆಪವಾಯಿತು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸಾಪ್ ಸಂದೇಶ ಅವರ ಕಾರಿಗಿಂತ ವೇಗವಾಗಿ ಓಡಿ ಮುಂದಿನ ಊರು ಸೇರಿತ್ತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ಮಿತಿ ಹಾಕಿತು. ಓಟ ಸ್ವಲ್ಪ ನಿಧಾನವಾಯಿತು. ಆದರೆ ಓಡುತ್ತಿರುವುದು ಯಾರು, ಎಲ್ಲಿಂದ ಹೊರಟದ್ದು ಎಂಬುದು ಇವತ್ತಿಗೂ ಕಾಣಿಸುವುದಿಲ್ಲ.

ಹಾಗಾಗಿ ಈ ವಾರ ಒಂದು ಹಳೇ ಸಲಕರಣೆಯ ಬಗ್ಗೆ ಹೇಳಬೇಕೆನಿಸಿದೆ. ಅದರ ಹೆಸರು ಆರೆಸ್ಸೆಸ್. ಹುಬ್ಬು ಮೇಲೇರಿಸಬೇಡಿ! ನಾಗಪುರಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಎಂಬುದರ ಮೊದಲ ಅಕ್ಷರಗಳು ಅಷ್ಟೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು, 2002ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಒಂದು ಪತ್ರಿಕೆಯ ಜಾಲತಾಣ ಹೊಸ ಸುದ್ದಿ ಹಾಕಿದಾಗಲೆಲ್ಲ ಒಂದು ಪಟ್ಟಿಯಲ್ಲೂ ಅದನ್ನು ಬರೆದಿಡುತ್ತದೆ: ತಲೆಬರಹ, ಪೂರ್ತಿ ಸುದ್ದಿ ಇರುವ ಲಿಂಕು, ಎರಡು ಸಾಲಿನ ಸಾರಾಂಶ, ಪ್ರಕಟವಾದ ದಿನ ಮತ್ತು ಗಂಟೆ. ಜೊತೆಗೆ ಪ್ರತಿ ಸುದ್ದಿಗೂ ಸಾಮಾನ್ಯವಾಗಿ ಒಂದು ಗುರುತು ಸಂಖ್ಯೆ ಇರುತ್ತದೆ. ಒಂದೇ ಸುದ್ದಿ ಎರಡು ಸಲ ಬಂದರೆ ಯಂತ್ರಕ್ಕೆ ಅದರಿಂದ ತಿಳಿಯುತ್ತದೆ. ಈ ಪಟ್ಟಿಗೆ ಫೀಡು ಅಂತಾರೆ. ಬೇಕಾದವರು ಬಂದು ಓದಿಕೊಂಡು ಹೋಗಬಹುದು. ಲಾಗಿನ್ ಬೇಡ, ಫೋನ್ ನಂಬರ್ ಬೇಡ. ನೀವು ಏನು ಓದುತ್ತೀರಿ ಎಂದು ಲೆಕ್ಕ ಹಾಕಿ ನಿಮ್ಮ ಮುಂದೆ ಜಗಳದ ಸುದ್ದಿಯನ್ನೇ ಮತ್ತೆ ಮತ್ತೆ ತಂದಿಡುವ ಯಾವ ಕಂಪನಿಯೂ ನಡುವೆ ಇರುವುದಿಲ್ಲ.

ಹಳತಾಯಿತು ಎಂದು ಇದನ್ನು ಬದಿಗಿಟ್ಟವರು ಬಹಳ. 2013ರ ಜುಲೈ 1ರಂದು ಗೂಗಲ್ ತನ್ನ ರೀಡರ್ ಸೇವೆ ಮುಚ್ಚಿದಾಗ ಆರೆಸ್ಸೆಸ್ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಮುಗಿದಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ ಯಾವುದೇ ತಾಣಕ್ಕೆ, ಬೇಡವೆಂದು ನಿಲ್ಲಿಸದಿದ್ದರೆ, ಫೀಡು ತಾನಾಗಿಯೇ ಬರುತ್ತದೆ. ನಮ್ಮ ಕರಾವಳಿಯ ಹುಡುಗರು ನಡೆಸುವ ಎಷ್ಟೋ ಸಣ್ಣ ಸುದ್ದಿತಾಣಗಳಿಗೆ ಫೀಡು ಇದೆ, ನಡೆಸುವವರಿಗೇ ಗೊತ್ತಿರುವುದಿಲ್ಲ. ಪಾಡ್‌ಕಾಸ್ಟುಗಳು ಓಡುತ್ತಿರುವುದೂ ಇದರ ಮೇಲೆಯೇ. ಕೇಂದ್ರ ಸರ್ಕಾರದ ವಾರ್ತಾ ಶಾಖೆ ಪಿಐಬಿಗೂ ಫೀಡು ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಾಣ ಮಳೆ, ಸಿಡಿಲಿನ ಎಚ್ಚರಿಕೆಗಳನ್ನು ಫೀಡಾಗಿ ಕೊಡುತ್ತದೆ. ಮಾವು ಕಾಯಿಕಟ್ಟಿ ನಿಂತಿರುವ ಏಪ್ರಿಲ್-ಮೇಯಲ್ಲಿ ಶ್ರೀನಿವಾಸಪುರದ ತೋಟದವರಿಗೆ ಒಂದು ಬಿರುಗಾಳಿಯ ಮುನ್ಸೂಚನೆ ಎರಡು ಗಂಟೆ ಮೊದಲು ಸಿಕ್ಕರೂ ಅದರ ಬೆಲೆ ಏನು ಅಂತ ಅವರನ್ನೇ ಕೇಳಬೇಕು.

ಸರಿ, ಫೀಡು ಇದೆ. ಅದನ್ನು ಹತ್ತು ಜನ ಕೂತು ಮಾತಾಡುವ ಜಾಗಕ್ಕೆ ತರುವುದು ಹೇಗೆ? ಅಂಥ ಜಾಗಗಳಲ್ಲಿ ಒಂದು ಹೊಸ ಬಗೆ ಇದೆ. ಮಾಸ್ಟೊಡಾನ್, ಲೆಮ್ಮಿ ಮುಂತಾದ ಹೆಸರುಗಳನ್ನು ಕಾಲೇಜು ಮಕ್ಕಳು ಕೇಳಿರುತ್ತಾರೆ. ಇವುಗಳಿಗೆ ಒಬ್ಬ ಯಜಮಾನ ಇಲ್ಲ. ನಮ್ಮ ಜಮಾಅತ್‌ಗಳನ್ನೇ ನೋಡಿ. ಪ್ರತಿ ಮಹಲ್ಲೆಗೂ ತನ್ನದೇ ಕಮಿಟಿ, ತನ್ನದೇ ಲೆಕ್ಕಪುಸ್ತಕ, ತನ್ನದೇ ಕಾನೂನು. ಹಾಗಂತ ಮದುವೆಗೋ ಮಯ್ಯತ್‌ಗೋ ಪಕ್ಕದ ಮಹಲ್ಲೆಯವರು ಬರಬಾರದು ಅಂತ ಇದೆಯಾ? ಈ ವಿಕೇಂದ್ರಿತ ಬಳಗಗಳೂ ಹಾಗೆಯೇ. ಮಂಗಳೂರಿನಲ್ಲೊಂದು ಸರ್ವರ್, ಕೋಲಾರದಲ್ಲೊಂದು, ಜುಬೈಲಿನಲ್ಲೊಂದು ಇರಬಹುದು. ನೀವು ನಿಮ್ಮ ಸರ್ವರಿನಲ್ಲೇ ಇದ್ದುಕೊಂಡು ಇನ್ನೊಂದರ ಚರ್ಚೆಯಲ್ಲಿ ಮಾತಾಡಬಹುದು. ಸರ್ವರುಗಳು ಒಂದಕ್ಕೊಂದು ಮಾತಾಡುವ ಭಾಷೆಗೆ ಆಕ್ಟಿವಿಟಿಪಬ್ ಎಂದು ಹೆಸರು. 2018ರ ಜನವರಿಯಲ್ಲಿ ಅಂತರಜಾಲದ ಮಾನದಂಡ ಸಂಸ್ಥೆ ಡಬ್ಲ್ಯೂ3ಸಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ.

ಇದೆಲ್ಲ ನಮಗೆ ಯಾಕೆ ಎನ್ನುವವರಿಗೆ ಕರ್ನಾಟಕದ್ದೇ ಎರಡು ಉದಾಹರಣೆ ಇದೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ, ನಮ್ಮ ನಾಡಿನವರೇ ಆದ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯನ್ನು 2019ರಲ್ಲಿ ಕಂಪನಿ ಅಮಾನತು ಮಾಡಿತು. ನಾಜಿ ಸೆಲ್ಯೂಟ್ ಹೊಡೆಯುವ ಗುಂಪಿನ ನಡುವೆ ಕೈಕಟ್ಟಿ ನಿಂತ ಒಬ್ಬನೇ ಒಬ್ಬ ಮನುಷ್ಯನ ಹಳೇ ಫೋಟೊ ಹಾಕಿದ್ದೇ ತಪ್ಪಾಯಿತು. ಆಗ ಭಾರತದ ಸಾವಿರಾರು ಜನ ಮಾಸ್ಟೊಡಾನಿನ ಕಡೆ ಹೋದರು, ಸ್ವಲ್ಪ ದಿನ ಇದ್ದು ಹೆಚ್ಚಿನವರು ವಾಪಸ್ ಬಂದರು. ಎರಡನೆಯದು ಬೆಂಗಳೂರಿನ ‘ಕೂ’. 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ಜಾಲ. ಮಂತ್ರಿಗಳು, ಸಿನಿಮಾದವರು, ಕ್ರಿಕೆಟಿಗರು ಎಲ್ಲ ಬಂದರು. 2024ರ ಜುಲೈಯಲ್ಲಿ ಮುಚ್ಚುತ್ತಿದ್ದೇವೆ ಎಂದು ಸ್ಥಾಪಕರೇ ಹೇಳಿದರು. ಕಟ್ಟಿದವರಿಗೆ ದುರುದ್ದೇಶವೇನೂ ಇರಲಿಲ್ಲ, ದುಡ್ಡು ಸಾಲಲಿಲ್ಲ. ಆದರೆ ಅಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದವರ ಕೂಟ ಅಲ್ಲಿಗೇ ಚದುರಿತು. ಮನೆ ಒಬ್ಬರದ್ದೇ ಆದರೆ ಬೀಗವೂ ಅವರ ಕೈಯಲ್ಲೇ ಇರುತ್ತದೆ.

ಬಳಗಕ್ಕೆ ಫೀಡು ತರುವ ಕೆಲಸವನ್ನು ಸಾಮಾನ್ಯವಾಗಿ ಬಾಟ್ ಎಂಬ ಒಂದು ಸಣ್ಣ ತಂತ್ರಾಂಶ ಮಾಡುತ್ತದೆ. ಅದು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಫೀಡುಗಳನ್ನು ನೋಡಿ, ಹೊಸದು ಕಂಡರೆ ತಲೆಬರಹ ಮತ್ತು ಲಿಂಕನ್ನು ತಂದು ಹಾಕುತ್ತದೆ. ಅದರ ಕೆಳಗೆ ಜನ ಮಾತಾಡುತ್ತಾರೆ. ಸುದ್ದಿ ಪತ್ರಿಕೆಯ ತಾಣದಲ್ಲೇ ಇರುತ್ತದೆ, ಮಾತು ನಮ್ಮ ಅಂಗಳದಲ್ಲಿ ನಡೆಯುತ್ತದೆ. ಕೇಳಲು ಬಹಳ ಚೆಂದ. ಆದರೆ ಇಲ್ಲೊಂದು ಎಡವಟ್ಟಿದೆ. 2023ರ ಜೂನಿನಲ್ಲಿ ರೆಡಿಟ್ ಕಂಪನಿಯ ಹೊಸ ದರಗಳಿಗೆ ಬೇಸತ್ತು ಜನ ಲೆಮ್ಮಿಗೆ ಬಂದರು. ಖಾಲಿ ಮನೆ ತುಂಬಿದಂತೆ ಕಾಣಲಿ ಎಂದು ಕೆಲವರು ಬಾಟ್‌ಗಳನ್ನು ಬಿಟ್ಟರು. ಅಂಥ ಕಡೆ ಪುಟ ತೆರೆದರೆ ಬರೀ ಯಂತ್ರ ತಂದು ಸುರಿದ ಲಿಂಕುಗಳು, ಒಂದರ ಕೆಳಗೂ ಮನುಷ್ಯರ ಮಾತಿಲ್ಲ. ಬಂದವರು ಸುಮ್ಮನೆ ಎದ್ದು ಹೋದರು. ಬಾಟ್‌ಗಳ ಪೋಸ್ಟು ಕಾಣದ ಹಾಗೆ ಮಾಡಿಕೊಳ್ಳುವ ಸೌಲಭ್ಯ ಲೆಮ್ಮಿಯಲ್ಲೇ ಇದೆ ಎಂದರೆ ಕಿರಿಕಿರಿ ಎಷ್ಟಿದ್ದಿರಬೇಕು!

ಹೋಟೆಲಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಟೇಬಲ್ಲಿನ ಮೇಲೆ ಪೇಪರು ಒಂದೋ ಎರಡೋ ಇದ್ದರೆ ಗಿರಾಕಿಗಳು ಓದುತ್ತಾರೆ, ಪಕ್ಕದವರ ಹತ್ತಿರ ವಾದ ಮಾಡುತ್ತಾರೆ, ಇನ್ನೊಂದು ಚಾ ಹೇಳುತ್ತಾರೆ. ಇಪ್ಪತ್ತು ಪೇಪರು ಕಟ್ಟು ಬಿಚ್ಚಿ ಸುರಿದರೆ ಯಾರೂ ಒಂದನ್ನೂ ಮುಟ್ಟುವುದಿಲ್ಲ, ಕೊನೆಗೆ ಗೋಳಿಬಜೆ ಕಟ್ಟಲಿಕ್ಕೆ ಆಗುತ್ತದೆ. ದಿನಕ್ಕೆ ಎಂಟೋ ಹತ್ತೋ ಸುದ್ದಿ ಸಾಕು ಎಂಬುದು ನಮ್ಮ ಅಭಿಪ್ರಾಯ. ಬಾಟ್ ಎಲ್ಲವನ್ನೂ ಮೊದಲು ಒಂದು ಒಳಕೋಣೆಗೆ ತರಲಿ. ಅಲ್ಲಿಂದ ಆರಿಸಿ ಹೊರಗಿಡುವ ಕೆಲಸವನ್ನು ಇಬ್ಬರು ಮನುಷ್ಯರೇ ಮಾಡಲಿ, ಇಡುವಾಗ ಒಂದು ಸಾಲು ಬರೆಯಲಿ: ‘ಇದು ನಮ್ಮ ಊರಿಗೆ ಹೀಗೆ ಸಂಬಂಧಿಸಿದೆ.’ ಹವಾಮಾನದ ಎಚ್ಚರಿಕೆಗೆ ಮಾತ್ರ ಈ ಕಾಯುವಿಕೆ ಬೇಡ, ಅದು ನೇರ ಬರಲಿ. ಪೂರ್ತಿ ಲೇಖನವನ್ನು ಎತ್ತಿ ತಂದು ಹಾಕುವ ಚಾಳಿಯನ್ನಂತೂ ಒಪ್ಪಲು ಸಾಧ್ಯವಿಲ್ಲ. ಬರೆದ ವರದಿಗಾರರಿಗೂ ಸಂಬಳ ಬೇಕಲ್ಲ. ತಲೆಬರಹ, ಎರಡು ಸಾಲು, ಲಿಂಕು. ಓದಬೇಕಾದವರು ಪತ್ರಿಕೆಯ ಮನೆಗೇ ಹೋಗಿ ಓದಲಿ.

ಯಾವ ಫೀಡುಗಳನ್ನು ಒಳಗೆ ಬಿಡಬೇಕು ಎಂಬುದೇ ದೊಡ್ಡ ತಂಟೆ. ವಿಳಾಸ ಇದ್ದ ಮಾತ್ರಕ್ಕೆ ಸುದ್ದಿ ಸತ್ಯ ಆಗಿಬಿಡುವುದಿಲ್ಲ. 2020ರಲ್ಲಿ ಕೊರೊನಾ ಶುರುವಾದಾಗ ತಬ್ಲೀಗ್ ಜಮಾಅತ್ ಹೆಸರಿನಲ್ಲಿ ಟಿವಿಗಳು ಏನೇನು ಹೇಳಿದವು, ಅದಾದ ಮೇಲೆ ತರಕಾರಿ ಗಾಡಿ ತಳ್ಳುವ ನಮ್ಮವರನ್ನು ಬೀದಿಗಳಲ್ಲಿ ಹೇಗೆ ತಡೆದರು ಎಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಆದರೆ ಆ ಪ್ರಕರಣದ ಇನ್ನೊಂದು ತುದಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಬೆಂಗಳೂರಿನ ಕೆಲವರು ಯಾವ ವಾಹಿನಿ, ಯಾವ ದಿನ, ಯಾವ ಕಾರ್ಯಕ್ರಮ ಎಂದು ಪಟ್ಟಿ ಮಾಡಿ ದೂರು ಕೊಟ್ಟರು. 2021ರ ಜೂನಿನಲ್ಲಿ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು. ದಂಡ ದೊಡ್ಡದೇನಲ್ಲ, ಒಂದಕ್ಕೆ ಲಕ್ಷ, ಇನ್ನೊಂದಕ್ಕೆ ಐವತ್ತು ಸಾವಿರ. ಆದರೆ ದೂರು ಕೊಡಲು ಸಾಧ್ಯವಾದದ್ದೇ ಹೇಳಿದವರ ಹೆಸರು ಮತ್ತು ತಾರೀಕು ಇದ್ದದ್ದರಿಂದ. ಅದೇ ಮಾತು ಫಾರ್ವರ್ಡಾಗಿ ಬಂದಿದ್ದರೆ ಯಾರ ಮೇಲೆ ದೂರು ಕೊಡುವುದು? ಕಳಿಸಿದ ಬಾವನ ಮೇಲಾ?

ಆದ್ದರಿಂದ ನಮಗೆ ಹಿತವಾದ ಪತ್ರಿಕೆಗಳ ಫೀಡು ಮಾತ್ರ ಸಾಕು ಎಂಬ ವಾದಕ್ಕೆ ನಮ್ಮ ಬೆಂಬಲವಿಲ್ಲ. ಒಂದೇ ಘಟನೆಯನ್ನು ಮೂರು ಪತ್ರಿಕೆಗಳು ಹೇಗೆ ಬರೆದಿವೆ ಎಂದು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮ್ಮ ಹುಡುಗರಿಗೆ ಬರಬೇಕು. ಕೋಲಾರದಲ್ಲಿ ಇದು ಇನ್ನೂ ಅಗತ್ಯ. ಅಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಸುತ್ತವೆ. ಬೇಕರಿ, ಹೋಟೆಲು ಅಂತ ಘಟ್ಟ ಹತ್ತಿಹೋದ ನಮ್ಮವರ ಬ್ಯಾರಿ ಭಾಷೆ ಸೇರಿದರೆ ನಾಲ್ಕು. ತೆಲುಗು ಪತ್ರಿಕೆಯಲ್ಲಿ ಬಂದದ್ದು ಕನ್ನಡ ಗುಂಪಿಗೆ ತಿಳಿಯುವುದಿಲ್ಲ, ಉರ್ದುವಿನಲ್ಲಿ ಬಂದದ್ದು ಇಬ್ಬರಿಗೂ ತಿಳಿಯುವುದಿಲ್ಲ. ಆ ಖಾಲಿ ಜಾಗದಲ್ಲೇ ವದಂತಿ ಮೊಳೆಯುವುದು. ಮೂರೂ ಭಾಷೆಯ ಫೀಡುಗಳು ಒಂದೇ ಕಡೆ ಬಂದು, ಎರಡು ಭಾಷೆ ಬಲ್ಲ ಒಬ್ಬರು ‘ಅಲ್ಲಿ ಬರೆದದ್ದು ಇಷ್ಟೇ, ನೀವು ಅಂದುಕೊಂಡಂತಿಲ್ಲ’ ಎಂದು ಕೆಳಗೆ ಒಂದು ಸಾಲು ಹಾಕಿದರೆ ಎಷ್ಟೋ ಬಿಸಿ ಅಲ್ಲೇ ತಣ್ಣಗಾದೀತು.

ರೈತರ ದರದ ವಿಷಯಕ್ಕೆ ಬರುವುದಾದರೆ, ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಮಾರುಕಟ್ಟೆಗಳ ಧಾರಣೆ ಸಿಗುತ್ತದೆ. ಅದೇ ಧಾರಣೆ ಹರಾಜು ಮುಗಿದ ಗಂಟೆಯ ಒಳಗೆ ಮಾರುಕಟ್ಟೆಯ ಹೆಸರು, ಗಂಟೆ, ಬಾಕ್ಸಿನ ತೂಕ ಸಮೇತ ಫೀಡಾಗಿ ಹೊರಬರುವಂತೆ ಮಾಡುವುದು ಇಲಾಖೆಗೆ ದೊಡ್ಡ ಖರ್ಚಲ್ಲ. ಆ ಭಾಗದ ಶಾಸಕರು ಇದನ್ನು ಕೇಳಬೇಕು. ಪತ್ರಿಕೆಗಳ ಮಾಲೀಕರಿಗೂ ಒಂದು ಮಾತು. ನಿಮ್ಮ ತಾಣದ ಫೀಡು ನಿಲ್ಲಿಸಿದ್ದರೆ ಮತ್ತೆ ಹಚ್ಚಿ. ಫೀಡು ಮುಚ್ಚಿದರೆ ಓದುಗರು ನಿಮ್ಮ ಮುಖಪುಟಕ್ಕೇ ಬರುತ್ತಾರೆ ಎಂಬುದು ಭ್ರಮೆ, ಅವರು ನಿಮ್ಮ ಸುದ್ದಿಯ ಸ್ಕ್ರೀನ್‌ಶಾಟು ನೋಡಿಕೊಂಡು ಸುಮ್ಮನಾಗುತ್ತಾರೆ.

ಇನ್ನು ಸರ್ವರ್ ನಡೆಸುವವರು ಯಾರು? ಸಣ್ಣ ಬಳಗಕ್ಕೆ ತಿಂಗಳಿಗೆ ಒಂದು ಮನೆಯ ಕರೆಂಟು ಬಿಲ್ಲಿನಷ್ಟು ಬಾಡಿಗೆ ಆದೀತು. ದುಡ್ಡಿಗಿಂತ ದೊಡ್ಡದು ಕಾವಲಿನ ಕೆಲಸ. ಯಾರೋ ಕೆಟ್ಟದಾಗಿ ಬರೆದದ್ದನ್ನು ರಾತ್ರಿ ಹನ್ನೊಂದಕ್ಕೆ ತೆಗೆಯುವವರು ಬೇಕು. ತೆಗೆದದ್ದು ಯಾಕೆ ಎಂದು ಮರುದಿನ ಎಲ್ಲರಿಗೂ ಹೇಳುವ ತಾಳ್ಮೆಯೂ ಬೇಕು. ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಸಂಘಟನೆಗಳು ಕಾಲೇಜು ಮಕ್ಕಳಿಗೆ ಇಂಥ ತಂತ್ರಾಂಶಗಳನ್ನು ಕಲಿಸುತ್ತ ಬಂದಿವೆ. ನಮ್ಮ ಸಮುದಾಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದೇ ಹಳೇ ಲೈಬ್ರರಿ ಲೆಕ್ಕದ ತಂತ್ರಾಂಶ ಬರೆಯುವ ಬದಲು ಇದನ್ನು ಕೈಗೆತ್ತಿಕೊಳ್ಳಬಹುದು. ಕನ್ನಡ ಫೀಡುಗಳು ಯಾವುವು ಇವೆ, ಯಾವುವು ಸತ್ತಿವೆ, ಯಾವುದರಲ್ಲಿ ಅಕ್ಷರ ಒಡೆದು ಬರುತ್ತದೆ ಎಂಬ ಒಂದು ಪಟ್ಟಿ ಮಾಡಿದರೂ ಅರ್ಧ ಕೆಲಸ ಮುಗಿದಂತೆ. ಅಂಥ ಪಟ್ಟಿ ತಯಾರಿಸಿ ಕಳಿಸಿದರೆ ಈ ಪುಟದಲ್ಲಿ ಪ್ರಕಟಿಸುತ್ತೇವೆ, ಮಾಡಿದವರ ಹೆಸರು ಮತ್ತು ತಾರೀಕಿನ ಸಮೇತ.