ಫೋನಿನ ಕಿಂಡಿಯಿಂದ ಕಲಹದರ್ಶನ



ಸಶಸ್ತ್ರ ಕಲಹ ನಡೆದಿರುವ ನಾಡುಗಳ ಜನಜೀವನವನ್ನು ಅಭ್ಯಸಿಸುವ ವಿದ್ವಾಂಸರಲ್ಲಿ ಈಚೆಗೆ ಒಂದು ಹೊಸ ಪದ್ಧತಿಯು ಬಳಕೆಗೆ ಬಂದಿದೆ. ಆ ನಾಡಿಗೆ ಹೋಗದೆಯೇ ಅಲ್ಲಿಯವರ ವಾಟ್ಸ್‌ಆ್ಯಪ್ ಗುಂಪುಗಳನ್ನು ಸೇರಿ, ಫೇಸ್‌ಬುಕ್ಕಿನ ಬರಹಗಳನ್ನು ಆಯ್ದು, ಅದನ್ನೇ ಕ್ಷೇತ್ರಕಾರ್ಯವೆಂದು ಕರೆಯುವುದೇ ಆ ಪದ್ಧತಿ. ಇದರಲ್ಲಿ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ದಾರಿಗಳು ಮುಚ್ಚಿದಲ್ಲಿ ನೊಂದವರ ದನಿಯನ್ನು ತರುವ ಸಾಧನವು ಅದೊಂದೇ ಆಗಿರಬಹುದು. ಆದರೆ ಅದರಲ್ಲಿ ಕಂಡುದಷ್ಟನ್ನೇ ಪ್ರಮಾಣವೆಂದು ನಂಬುವುದು ಒಂದು ತಪ್ಪು. ಮಾತನಾಡಿದವನಿಗೆ ಒದಗುವ ಅಪಾಯವನ್ನು ಎಣಿಸದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಮೊದಲನೆಯ ತಪ್ಪಿಗೆ ನಮ್ಮ ಬೆಳಗಾವಿಯೇ ಸಾಕ್ಷಿ. ಇಲ್ಲಿ ನಡೆದುದು ಯುದ್ಧವಲ್ಲ, ಕಲ್ಲಿನ ಕಲಹ; ಆದರೂ ಪಾಠವೊಂದೇ. 2021ರ ಡಿಸೆಂಬರದಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದ ದೃಶ್ಯವು ಫೋನುಗಳಲ್ಲಿ ಹಬ್ಬಿತು. ಇಲ್ಲಿ ವಾಹನಗಳ ಮೇಲೆ ಕಲ್ಲುಗಳು ಬಿದ್ದವು, ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಭಂಗಿಸಿದರು, ನಿಷೇಧಾಜ್ಞೆ ಹೊರಟಿತು. ಆ ದಿನಗಳ ಸಂದೇಶಗಳನ್ನಷ್ಟೇ ಓದಿದವನು, ಈ ಊರಲ್ಲಿ ಹಲ್ಲು ಕಡಿಯುವ ಎರಡು ಪಕ್ಷಗಳ ಹೊರತು ಬೇರಾರೂ ಇಲ್ಲವೆಂದು ಬರೆದಾನು. ಖಾನಾಪುರದ ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ಮರಾಠಿಯಲ್ಲಿ ಚೌಕಾಸಿ ಮಾಡುವ ಗೃಹಿಣಿಯು ಅವನ ಗ್ರಂಥದಲ್ಲಿ ಎಲ್ಲಿ ಸಿಕ್ಕಾಳು? ಅವಳ ಮಾತು ಬೇಕಾದವನು ಅವಳ ಅಂಗಳಕ್ಕೆ ಹೋಗಿ ಕುಳಿತುಕೊಳ್ಳಬೇಕು.

ಫೋನು ಬಾಯಿ ಮುಚ್ಚಿದಾಗಲಂತೂ ಕೇಳುವುದೇ ಬೇಡ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಕಲಹವೆದ್ದೊಡನೆ ಅಂತರ್ಜಾಲವನ್ನು ನಿಲ್ಲಿಸಲಾಯಿತು. ಮೇ 4ರಂದು ಸ್ತ್ರೀಯರ ಮೇಲೆ ನಡೆದ ದೌರ್ಜನ್ಯದ ದೃಶ್ಯವು ಲೋಕಕ್ಕೆ ಕಂಡುದು ಜುಲೈ ತಿಂಗಳಲ್ಲಿ. ನಡುವಿನ ಎರಡೂವರೆ ತಿಂಗಳ ಮೌನವನ್ನು ಶಾಂತಿಯೆಂದು ಬರೆಯೋಣವೆ?

ಎರಡನೆಯ ತಪ್ಪನ್ನು ತಿಳಿಯಬೇಕಾದವರು ಖಾನಾಪುರ ತಾಲೂಕಿನ ನಂದಗಡಕ್ಕೆ ಹೋಗಲಿ. ಕಂಪನಿಯ ದಂಡಿಗೆ ಕಾಡಿನಲ್ಲಿ ಸಿಕ್ಕದ ರಾಯಣ್ಣನು 1830ರಲ್ಲಿ ಸಿಕ್ಕಿದ್ದು ವಿಶ್ವಾಸಘಾತದಿಂದ. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಯಾರು ಎಲ್ಲಿದ್ದಾರೆ, ಯಾರೊಡನೆ ಮಾತನಾಡಿದರು ಎಂಬ ಸುಳಿವಿಗೆ ಕಲಹಕಾಲದಲ್ಲಿ ತೋಪಿಗಿಂತ ಹೆಚ್ಚು ಬೆಲೆ. ಇಂದಿನ ಸಂಶೋಧಕನ ಫೋನು ಅಂತಹ ಸುಳಿವುಗಳ ಭಂಡಾರ. 2016ರಿಂದ ವಾಟ್ಸ್‌ಆ್ಯಪ್ ಸಂದೇಶಗಳಿಗೆಲ್ಲ ಗೂಢಲಿಪಿಯ ರಕ್ಷಣೆಯುಂಟಲ್ಲವೆ ಎಂದು ಆಕ್ಷೇಪಿಸುವರು. ನಿಜ; ಆ ರಕ್ಷಣೆಯು ಸಂದೇಶವು ದಾರಿಯಲ್ಲಿರುವ ತನಕ ಮಾತ್ರ. ತೆರೆದ ಫೋನನ್ನು ಕಸಿದುಕೊಂಡವನಿಗಾಗಲಿ, ಗುಂಪಿನೊಳಗೇ ಇದ್ದು ಸಂದೇಶದ ಚಿತ್ರ ತೆಗೆದು ಹೊರಗೆ ಕಳಿಸುವವನಿಗಾಗಲಿ ಗೂಢಲಿಪಿಯು ಅಡ್ಡಬಾರದು.

ಆದಕಾರಣ ಸಂಶೋಧಕರಲ್ಲಿ ನಮ್ಮ ಬಿನ್ನಹವಿಷ್ಟೆ: ನೀವು ಯಾರೆಂದು ಹೇಳದೆ ಗುಂಪು ಸೇರಬೇಡಿರಿ, ಒಪ್ಪಿಗೆಯಿಲ್ಲದೆ ಒಬ್ಬರ ಮಾತನ್ನು ಎತ್ತಿ ಬರೆಯಬೇಡಿರಿ, ಹೆಸರು, ನಂಬರುಗಳನ್ನು ಫೋನಿನಲ್ಲಿ ಉಳಿಸಬೇಡಿರಿ, ದಾರಿ ತೆರೆದೊಡನೆ ಅವರ ಮನೆಗೆ ಹೋಗಿ ಬರೆದುದನ್ನು ಓದಿ ತೋರಿಸಿರಿ. ಇಷ್ಟು ಸೈರಣೆಯಿಲ್ಲದವನು ಗ್ರಂಥವನ್ನೇ ಬರೆಯದಿದ್ದರೆ ವಿದ್ಯೆಗೆ ಹೇಳಿಕೊಳ್ಳುವ ಹಾನಿಯಿಲ್ಲ. ಬರೆದರೆ ನಂಬಿ ಮಾತನಾಡಿದವನ ಪ್ರಾಣಕ್ಕೇ ಹಾನಿಯಾದೀತು.