ಹೋಗುವುದಕ್ಕೂ ಅಪ್ಪಣೆ, ಬರುವುದಕ್ಕೂ ಅಪ್ಪಣೆ

ಮುಂಡಗೋಡ ತಾಲೂಕಿನಲ್ಲೇ ಹುಟ್ಟಿ, ಅಲ್ಲಿಯೇ ಬೆಳೆದು, ನಮ್ಮ ಸಂತೆಯಲ್ಲಿ ನಮ್ಮ ಭಾಷೆಯಲ್ಲೇ ಚೌಕಾಶಿ ಮಾಡುವ ಟಿಬೆಟಿಯನ್ ಯುವಕನಿಗೆ ಭಾರತ ಸರಕಾರ ಇಟ್ಟಿರುವ ಹೆಸರು ‘ವಿದೇಶೀಯ’. ಹದಿನಾರು ವರ್ಷ ತುಂಬಿದೊಡನೆ ಅವನು ನೋಂದಣಿ ಪತ್ರ ಮಾಡಿಸಿಕೊಳ್ಳಬೇಕು. ಅದರ ಅವಧಿ ಮುಗಿಯುವ ಮೊದಲು ನವೀಕರಿಸಿಕೊಳ್ಳಬೇಕು. ಬಹುಕಾಲ ಊರು ಬಿಡುವುದಾದರೆ ಪೊಲೀಸರಿಗೆ ತಿಳಿಸಬೇಕು. ಪರದೇಶದಲ್ಲಿರುವ ಅಕ್ಕ ಕಾಯಿಲೆ ಬಿದ್ದಳೆಂದು ಹೊರಟರೆ ಹೋಗುವುದಕ್ಕೆ ಒಂದು ಅಪ್ಪಣೆ, ಮರಳಿ ತನ್ನ ಮನೆಗೆ ಬರುವುದಕ್ಕೆ ಇನ್ನೊಂದು ಅಪ್ಪಣೆ. ಕಳ್ಳತನ ಮಾಡಿ ಜಾಮೀನಿನ ಮೇಲೆ ಹೊರಬಂದವನಿಗಾದರೂ ಖಟ್ಲೆ ಒಂದು ದಿನ ಮುಗಿಯುತ್ತದೆ. ಇವನದು ಜನ್ಮವಿಡೀ ಮುಗಿಯುವುದಿಲ್ಲ.

ದಾಂಡೇಲಿಯ ಗಿರಣಿ ಕೆಲಸಗಾರರು, ಹಳಿಯಾಳದ ಅಂಗಡಿಕಾರರು ‘ಇದು ನಮಗೇಕೆ?’ ಎಂದು ಕೇಳಬಹುದು. ಕೇಳಲಿ, ಉತ್ತರ ಕೊಡುತ್ತೇವೆ. ಮೊದಲು ಸಂಗತಿ ಏನೆಂಬುದು ತಿಳಿಯಲಿ.

1950ರಲ್ಲಿ ಚೀನಾದ ಸೇನೆ ಟಿಬೆಟ್ಟನ್ನು ಹೊಕ್ಕಿತು. ಆಗ ಅದನ್ನು ನಿರ್ಭಿಡೆಯಿಂದ ಖಂಡಿಸಿದವರಲ್ಲಿ ಡಾ. ಲೋಹಿಯಾ ಒಬ್ಬರು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಕಾಡಿನಲ್ಲಿ ಸುಮಾರು 4000 ಎಕರೆಯಲ್ಲಿ ಡೋಗುಲಿಂಗ್ ಎಂಬ ವಸತಿ ತೊಡಗಿತು. ಚಳಿದೇಶದ ಜನ ಮಲೆನಾಡ ಸೆರಗಿನ ಮಳೆಯಲ್ಲಿ ಮರ ಕಡಿದು, ಬೇರು ಕಿತ್ತು, ಮೆಕ್ಕೆಜೋಳ ಬಿತ್ತಿದರು. ಗಾಂಡೆನ್, ದ್ರೆಪುಂಗ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಬಂದವರಲ್ಲಿ ಹಲವರು ಈಗ ಇಲ್ಲ. ಇರುವವರು ಅವರ ಮಕ್ಕಳು, ಮೊಮ್ಮಕ್ಕಳು. ಟಿಬೆಟ್ಟನ್ನು ಕಣ್ಣಿನಿಂದ ಕಾಣದವರು.

ಇವರಿಗೆ ಪಾಸ್‌ಪೋರ್ಟ್ ಇಲ್ಲ. ಅದರ ಬದಲಿಗೆ ಕೊಡುವುದು ‘ಗುರುತಿನ ಪ್ರಮಾಣಪತ್ರ’. ಜನ ಅದನ್ನು ಹಳದಿ ಪುಸ್ತಕ ಎನ್ನುತ್ತಾರೆ. ಅದೇನೂ ಯಾರೋ ಕರುಣೆಯಿಂದ ಹುಟ್ಟಿಸಿದ ಚೀಟಿಯಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯ 4ನೆಯ ಕಲಮಿನಲ್ಲಿ ಅದರ ಹೆಸರಿದೆ. ಆದರೆ ದೊರಕಿಸಿಕೊಳ್ಳುವ ದಾರಿ ನೋಡಿ. ನೋಂದಣಿ ಪತ್ರ ಚಾಲ್ತಿಯಲ್ಲಿರಬೇಕು. ಅರ್ಜಿ ದೆಹಲಿಗೆ, ತನಿಖೆ ಜಿಲ್ಲೆಗೆ, ವರದಿ ಮತ್ತೆ ದೆಹಲಿಗೆ. ವಿದೇಶೀಯರ ನೋಂದಣಿ ಅಧಿಕಾರಿಯೆಂದರೆ ಜಿಲ್ಲಾ ಪೊಲೀಸ್ ವರಿಷ್ಠರು, ಅವರಿರುವುದು ಕಾರವಾರದಲ್ಲಿ. ಮುಂಡಗೋಡದಿಂದ ಯಲ್ಲಾಪುರ ಹಾದು, ಅರಬೈಲ್ ಘಟ್ಟ ಇಳಿದು ಹೋಗಬೇಕಾದ ನೂರು ಕಿಲೋಮೀಟರಿಗೂ ಮೇಲಿನ ದಾರಿ ನಮ್ಮ ಓದುಗರಿಗೆ ಹೊಸದಲ್ಲ. ಅರ್ಜಿ ಈಗ ಕಂಪ್ಯೂಟರಿನಲ್ಲಿ ಹೋದರೂ ತನಿಖೆ ಪೊಲೀಸರ ಕೈಯಲ್ಲೇ ಇದೆ. ಇಷ್ಟೆಲ್ಲ ಆಗಿ ಪುಸ್ತಕ ಕೈಗೆ ಬಂದರೆ, ಪರದೇಶದ ವಿಮಾನ ನಿಲ್ದಾಣದಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಇದು ಯಾವ ದೇಶದ್ದು?’ ಎಂದು ಕೇಳುವವರುಂಟು. ಉತ್ತರ ಏನು ಹೇಳಬೇಕು? ಕೊಟ್ಟ ದೇಶ ಭಾರತ. ಆದರೆ ಅದರಲ್ಲಿ ಹೆಸರಿರುವವನು ಭಾರತೀಯನಲ್ಲ.

‘ಹಾಗಾದರೆ ಪೌರರಾಗಬಾರದೇಕೆ?’ ಎನ್ನುವವರಿದ್ದಾರೆ. ಕಾಯಿದೆ ಏನನ್ನುತ್ತದೆ ಎಂಬುದನ್ನು ಅವರು ಓದಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು 1955ರ ಪೌರತ್ವ ಕಾಯಿದೆಯ 3ನೆಯ ಕಲಮು. ಆದರೂ ಹೀಗೆ ಹುಟ್ಟಿದ ಟಿಬೆಟಿಯನ್ನರಿಗೆ ಪಾಸ್‌ಪೋರ್ಟ್ ನಿರಾಕರಿಸುತ್ತಲೇ ಬಂದರು. 1986ರಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಎಂಬ ಹೆಣ್ಣುಮಗಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2010ರ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆಕೆ ಭಾರತೀಯಳೇ ಎಂದು ಹೇಳಿತು. 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ಮಾತನ್ನು ಹೇಳಿತು. ಅಲ್ಲಿ ಅರ್ಜಿದಾರರು ಮುಂಡಗೋಡದ ದ್ರೆಪುಂಗ್ ಮಠದಲ್ಲಿ ಓದಿದ ಲಿಂಗ್ ರಿಂಪೋಚೆ, 1985ರಲ್ಲಿ ಹುಟ್ಟಿದವರು. 2016ರಲ್ಲಿ ದೆಹಲಿಯ ನ್ಯಾಯಾಲಯ ಇನ್ನೊಮ್ಮೆ ಹೇಳಬೇಕಾಯಿತು. ಒಂದೇ ಕಾಯಿದೆಯ ಒಂದೇ ವಾಕ್ಯವನ್ನು ಎಷ್ಟು ಸಲ ಓದಿ ಹೇಳಬೇಕೋ!

2017ರಲ್ಲಿ ವಿದೇಶಾಂಗ ಖಾತೆ ಪಾಸ್‌ಪೋರ್ಟ್ ಕೊಡುವುದಾಗಿ ಸುತ್ತೋಲೆ ಹೊರಡಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅದೇ ವರ್ಷ ಷರತ್ತುಗಳು ಬಂದವು. ನೋಂದಣಿ ಪತ್ರವನ್ನೂ ಹಳದಿ ಪುಸ್ತಕವನ್ನೂ ಒಪ್ಪಿಸಬೇಕು. ನಿರಾಶ್ರಿತರ ವಸತಿಯಲ್ಲಿ ಇರಕೂಡದು. ನಿರಾಶ್ರಿತನೆಂದು ಸಿಗುವ ಸವಲತ್ತು ಬಿಡಬೇಕು. ಸವಲತ್ತಿನ ಮಾತು ಹಾಗಿರಲಿ. ಅಪ್ಪ ಕಡಿದ ಕಾಡು, ಅವ್ವ ಉತ್ತ ಹೊಲ, ಹುಟ್ಟಿದ ಮನೆ ಇರುವುದು ಆ ವಸತಿಯಲ್ಲೇ. ಪೌರನಾಗಬೇಕಾದರೆ ಮನೆ ಬಿಡು ಎನ್ನುವ ಸರಕಾರ, ಮನೆಯಲ್ಲೇ ಇರುತ್ತೇನೆಂದರೆ ವಿದೇಶೀಯನಾಗಿರು ಎನ್ನುತ್ತದೆ. ಈ ಷರತ್ತು ನ್ಯಾಯಾಲಯದ ಬಾಯಿಂದ ಬಂದದ್ದಲ್ಲ, ಕಚೇರಿಯ ಮೇಜಿನ ಮೇಲೆ ಹುಟ್ಟಿದ್ದು.

1987ರ ಜುಲೈ 1ರ ಗೆರೆಯಂತೂ ಒಂದೇ ಮನೆಯನ್ನು ಸೀಳುತ್ತದೆ. 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು. ಅದೇ ಕ್ಯಾಂಪಿನಲ್ಲಿ 1988ರಲ್ಲಿ ಹುಟ್ಟಿದ ತಮ್ಮ ವಿದೇಶೀಯ. ಮತ್ತು ಎಲ್ಲರಿಗೂ ಪೌರತ್ವ ಬೇಕೆಂದೂ ಇಲ್ಲ. ತಮ್ಮ ದೇಶ ಒಂದು ದಿನ ಸಿಕ್ಕೀತೆಂದು ನಿರಾಶ್ರಿತರಾಗಿಯೇ ಉಳಿದವರಿದ್ದಾರೆ. ಅದು ಅವರ ಅಭಿಮಾನ, ಅದನ್ನು ಹೀಯಾಳಿಸುವ ಅಧಿಕಾರ ಯಾರಿಗೂ ಇಲ್ಲ. ಅಂಥವರಿಗೆ ಹಳದಿ ಪುಸ್ತಕವೇ ಗತಿ. ಆದ್ದರಿಂದ ಆ ಪುಸ್ತಕ ಸುಲಭವಾಗಿ ಸಿಗಬೇಕೆಂಬುದು ಪೌರತ್ವದಿಂದ ಬೇರೆಯಾದ, ತನ್ನಷ್ಟಕ್ಕೇ ನ್ಯಾಯವಾದ ಬೇಡಿಕೆ.

ದೇಶವಿಲ್ಲದವನಿಗೂ ಪ್ರಯಾಣದ ಕಾಗದ ಕೊಡಬೇಕೆಂಬುದು ಹೊಸ ವಿಚಾರವೇನಲ್ಲ. ರಷ್ಯಾದ ಕ್ರಾಂತಿಯ ನಂತರ ಚೆದರಿದ ಜನರಿಗಾಗಿ ನಾರ್ವೆಯ ನಾನ್ಸೆನ್ ಎಂಬಾತ 1922ರಲ್ಲಿ ಇಂಥ ಕಾಗದವನ್ನು ಜಾರಿಗೆ ತಂದ. ಅದಕ್ಕೆ ನಾನ್ಸೆನ್ ಪಾಸ್‌ಪೋರ್ಟ್ ಎಂದೇ ಹೆಸರು. 1951ರ ನಿರಾಶ್ರಿತರ ಒಡಂಬಡಿಕೆಯ 28ನೆಯ ವಿಧಿ ಅದನ್ನು ರಾಷ್ಟ್ರಗಳ ಕರ್ತವ್ಯವೆಂದಿತು. ಭಾರತ ಆ ಒಡಂಬಡಿಕೆಗೆ ಸಹಿ ಹಾಕಲಿಲ್ಲ. ಆದರೆ ನಮ್ಮ ಸಂವಿಧಾನದ 21ನೆಯ ವಿಧಿ ಪೌರರಿಗೆ ಮಾತ್ರ ಸೀಮಿತವಲ್ಲ, ಯಾವ ವ್ಯಕ್ತಿಗಾದರೂ ಅನ್ವಯಿಸುತ್ತದೆ. ಪರದೇಶಕ್ಕೆ ಹೋಗುವ ಹಕ್ಕು ಆ ವಿಧಿಯೊಳಗೇ ಇದೆಯೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು, 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿಯಿತು.

ಈಗ ‘ನಮಗೇಕೆ?’ ಎಂಬ ಪ್ರಶ್ನೆಗೆ ಬರೋಣ. ‘ಅವರಿಗೆ ಜಮೀನು ಸಿಕ್ಕಿತು, ದವಾಖಾನೆ ಸಿಕ್ಕಿತು, ನಮಗೇನು ಸಿಕ್ಕಿತು?’ ಎಂಬ ಗೊಣಗಾಟವನ್ನು ನಾವು ಕೇಳಿದ್ದೇವೆ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋಗುವ ಇವರನ್ನು ಕಂಡು ಕರುಬುವ ವ್ಯಾಪಾರಿಗಳೂ ಇದ್ದಾರೆ. ಜಮೀನು ಇವರ ಹೆಸರಿನಲ್ಲಿಲ್ಲ, ಗುತ್ತಿಗೆಯ ಮೇಲೆ ಇದೆ. ಮುಂಡಗೋಡದ ಕಿರಾಣಿ ಅಂಗಡಿ, ಟೆಂಪೋ, ಗ್ಯಾರೇಜು ಯಾರ ಗಿರಾಕಿತನದಿಂದ ನಡೆಯುತ್ತವೆ ಎಂಬುದನ್ನು ಅಂಗಡಿಕಾರರು ತಮ್ಮ ಉದ್ರಿ ವಹಿ ತೆಗೆದು ನೋಡಲಿ.

ಕಾಗದವಿಲ್ಲದವನ ಪಾಡು ಈ ತಾಲೂಕುಗಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಸೂಪಾ ಅಣೆಕಟ್ಟಿನ ನೀರಿಗೆ ಮನೆ ಕೊಟ್ಟು ರಾಮನಗರಕ್ಕೆ ಬಂದವರನ್ನು ಕೇಳಿ. ಜೋಯಿಡಾ, ಹಳಿಯಾಳದ ಕಾಡಂಚಿನಲ್ಲಿ ಎಮ್ಮೆ ಮೇಯಿಸುವ ಗೌಳಿಯನ್ನು ಕೇಳಿ. 2006ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನ ಪಟ್ಟಿಯಲ್ಲಿಲ್ಲದವನಿಗೆ ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ತಾ ಎನ್ನುತ್ತದೆ. ಗುತ್ತಿಗೆ ಕೂಲಿಯನ್ನು ಕೇಳಿ, ಅವನ ಅನ್ನ ಇರುವುದು ಗುತ್ತಿಗೆದಾರ ನವೀಕರಿಸುವ ಗೇಟ್ ಪಾಸಿನ ಮೇಲೆ. ನಮ್ಮವನನ್ನು ಅಲೆದಾಡಿಸುವ ಅಧಿಕಾರಶಾಹಿಯೇ ಟಿಬೆಟಿಯನ್ನನನ್ನೂ ಅಲೆದಾಡಿಸುತ್ತದೆ. ಇವರಿಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕೂತಿದ್ದರೆ ಅದಕ್ಕೆ ಇನ್ನೇನು ಬೇಕು?

ಬ್ರಿಟಿಷರ ಕಾಲದ 1939ರ ಮತ್ತು 1946ರ ವಿದೇಶೀಯರ ಕಾಯಿದೆಗಳನ್ನು ತೆಗೆದು 2025ರ ಸೆಪ್ಟೆಂಬರಿನಿಂದ ಹೊಸ ಕಾಯಿದೆ ಜಾರಿಯಾಗಿದೆ. ನೋಂದಣಿಯಾದ ಟಿಬೆಟಿಯನ್ನರಿಗೆ ಅದರಡಿ ಆದೇಶದ ಮೂಲಕ ವಿನಾಯಿತಿ ಕೊಟ್ಟಿದ್ದಾರೆ. ಒಂದು ಆದೇಶದಿಂದ ಕೊಟ್ಟದ್ದನ್ನು ಇನ್ನೊಂದು ಆದೇಶದಿಂದ ಕಿತ್ತುಕೊಳ್ಳಬಹುದು. ಅರವತ್ತು ವರ್ಷಗಳ ಬಳಿಕವೂ ಇವರ ಬದುಕು ನಿಂತಿರುವುದು ಅಧಿಕಾರಿಗಳ ಮರ್ಜಿಯ ಮೇಲೆ, ಹಕ್ಕಿನ ಮೇಲಲ್ಲ.

ನಾವು ಕೇಳುವುದು ಇಷ್ಟು. ಹಳದಿ ಪುಸ್ತಕದ ಅರ್ಜಿಗೆ ದಿನಗಳ ಮಿತಿ ಇರಲಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಲಿ. 1967ರ ಕಾಯಿದೆಯ 5ನೆಯ ಕಲಮು ಅದನ್ನೇ ಹೇಳುತ್ತದೆ. ನವೀಕರಣದ ಕೆಲಸಕ್ಕೆ ಅಧಿಕಾರಿ ತಿಂಗಳಿಗೊಮ್ಮೆ ಮುಂಡಗೋಡಕ್ಕೆ ಬರಲಿ, ಜನ ಘಟ್ಟ ಇಳಿಯುವುದು ಬೇಡ. ಭಾರತದಿಂದ ಹೊರಟವನು ಭಾರತಕ್ಕೆ ಮರಳುವ ಹಕ್ಕನ್ನು ಆ ಪುಸ್ತಕದಲ್ಲೇ ಅಚ್ಚು ಹಾಕಲಿ. ಪಾಸ್‌ಪೋರ್ಟಿಗೆ ಮನೆ ಬಿಡಬೇಕೆಂಬ ಷರತ್ತನ್ನು ಈಗಿಂದೀಗಲೇ ಹಿಂತೆಗೆಯಲಿ. ಮುಂದಿನ ಸಲ ಮತ ಕೇಳಲು ಲೋಕಸಭೆಯ ಅಭ್ಯರ್ಥಿಗಳು ದಾಂಡೇಲಿಯ ಗಿರಣಿ ಬಾಗಿಲಿಗೆ ಬಂದಾಗ, ಬೋನಸ್ಸಿನ ಪ್ರಶ್ನೆಯ ಜೊತೆಗೆ ಇದನ್ನೂ ಕೇಳಿರಿ. ಮುಂಡಗೋಡದ ಕ್ಯಾಂಪುಗಳಲ್ಲಿ ಹಲವರಿಗೆ ಕೇಳುವ ಮತವೇ ಇಲ್ಲ.