ಲಕ್ಷದ್ವೀಪ ಖಾಲಿ ಇಲ್ಲ ಸ್ವಾಮಿ

2024ರ ಜನವರಿ ನೆನಪಿದೆಯಾ? ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರು, ಸ್ನಾರ್ಕಲ್ ಹಾಕಿಕೊಂಡ ಫೋಟೊ ಬಂತು, ಮಾಲ್ಡೀವ್ಸ್‌ನ ಉಪಸಚಿವರು ನಾಲಿಗೆ ಹರಿಬಿಟ್ಟರು. ಆಮೇಲೆ ಎಷ್ಟೋ ದಿನ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅಡಿಕೆ ರೇಟು ಕೂಡ ಹಿಂದೆ ಬಿತ್ತು. ಎಲ್ಲಿ ನೋಡಿದರೂ ‘ಬಾಯ್ಕಾಟ್ ಮಾಲ್ಡೀವ್ಸ್, ಚಲೋ ಲಕ್ಷದ್ವೀಪ’. ಮಾಲ್ಡೀವ್ಸ್ ಎಲ್ಲಿದೆ ಅಂತ ಗೊತ್ತಿಲ್ಲದವರೂ ಅಲ್ಲಿಗೆ ಮಾಡದೇ ಇದ್ದ ಟಿಕೆಟನ್ನು ರದ್ದು ಮಾಡಿದರು!

ಆ ಗದ್ದಲ ತಣ್ಣಗಾಗಿದೆ. ಆದರೆ ಅದರ ಜೊತೆ ಬಂದ ಒಂದು ಮಾತು ಮಾತ್ರ ಇನ್ನೂ ಓಡಾಡುತ್ತಿದೆ. ‘ಅಲ್ಲಿ ಎಷ್ಟೋ ದ್ವೀಪ ಖಾಲಿ ಬಿದ್ದಿವೆ, ರೆಸಾರ್ಟ್ ಕಟ್ಟಿದರೆ ಯಾರ ಗಂಟು ಹೋಗುತ್ತೆ?’ ನಮ್ಮ ತಕರಾರು ಇರುವುದು ಈ ‘ಖಾಲಿ’ ಎಂಬ ಪದದ ಮೇಲೆ.

ನಿಮ್ಮೂರಿನ ಗೋಮಾಳದಲ್ಲಿ ಯಾರೂ ಮನೆ ಕಟ್ಟಿಲ್ಲ. ಹಾಗಂತ ಅದು ಖಾಲಿ ಜಾಗವೇ? ನಮ್ಮ ದಕ್ಷಿಣ ಕನ್ನಡದ ಕುಮ್ಕಿಯಲ್ಲಿ ಯಾರೂ ಮಲಗುವುದಿಲ್ಲ. ಆದರೆ ಅಲ್ಲಿಯ ಸೊಪ್ಪು ಇಲ್ಲದೆ ಹಟ್ಟಿ ಇಲ್ಲ, ಹಟ್ಟಿಯ ಗೊಬ್ಬರ ಇಲ್ಲದೆ ತೋಟ ಇಲ್ಲ. ಲಕ್ಷದ್ವೀಪದ ‘ಜನವಸತಿ ಇಲ್ಲದ’ ದ್ವೀಪಗಳ ಕಥೆಯೂ ಇದೇ. ಸುಹೇಲಿಯನ್ನೇ ತಗೊಳ್ಳಿ. ಅಲ್ಲಿ ಊರು ಇಲ್ಲ, ನಿಜ. ಆದರೆ ಕವರತ್ತಿ ಕಡೆಯವರು ಅಲ್ಲಿಗೆ ತೆಂಗಿನಕಾಯಿ ಕೀಳಲು ಹೋಗುತ್ತಾರೆ. ಸೀಸನ್ನಿನಲ್ಲಿ ಮೀನುಗಾರರು ಬಿಡಾರ ಹಾಕಿ, ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಲ್ಲಿ ಕಲ್ಲಿನಂತೆ ಒಣಗಿಸುತ್ತಾರೆ. ಇದೇ ಮಾಸ್‌ಮೀನು. ಈ ಸುಹೇಲಿಯಲ್ಲಿ ಮತ್ತು 5 ಸಾವಿರಕ್ಕೂ ಹೆಚ್ಚು ಜನ ಇರುವ ಕಡಮತ್‌ನಲ್ಲಿ ತಲಾ 110 ಕೋಣೆಗಳ ರೆಸಾರ್ಟ್ ಕಟ್ಟುವುದಾಗಿ ಟಾಟಾದವರ ಹೋಟೆಲ್ ಕಂಪನಿ 2023ರ ಜನವರಿಯಲ್ಲಿ ಪ್ರಕಟಿಸಿತು. ಅದರಲ್ಲಿ ಒಂದಷ್ಟು ವಿಲ್ಲಾಗಳು ನೀರಿನ ಮೇಲೆಯೇ ನಿಲ್ಲುತ್ತವೆ.

ನಮಗೇನು ಅಂತ ಕೇಳಬಹುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಮಂಜಿಗಳು ಹೋಗುವುದು ಅಲ್ಲಿಗೇ. ಹಾಗಾಗಿ ದೂರದ ನೆಂಟರ ಮಾತಲ್ಲ ಇದು.

ಈಗ ಋತುವಿನ ಲೆಕ್ಕಕ್ಕೆ ಬರೋಣ. ಇದನ್ನು ಬಿಟ್ಟು ಲಕ್ಷದ್ವೀಪದ ಬಗ್ಗೆ ಮಾತಾಡುವುದೇ ದಂಡ.

ಪ್ರವಾಸಿ ಪುಸ್ತಿಕೆ ತೆಗೆದರೆ ಅಕ್ಟೋಬರಿನಿಂದ ಮೇ ಮಧ್ಯದವರೆಗೆ ‘ಸೀಸನ್’, ಮಳೆಗಾಲ ‘ಆಫ್ ಸೀಸನ್’. ಆಫ್ ಅಂದರೆ ಏನೋ ಸ್ವಿಚ್ ಆರಿಸಿದ ಹಾಗೆ. ಜೂನ್ ಬಂದರೆ ಸಮುದ್ರ ಏಳುತ್ತದೆ, ಮಂಜಿ ನಿಲ್ಲುತ್ತದೆ, ದ್ವೀಪದಿಂದ ದ್ವೀಪಕ್ಕೆ ಓಡುವ ವೇಗದ ಬೋಟುಗಳು ನಿಲ್ಲುತ್ತವೆ, ಹಡಗುಗಳು ಕಡಿಮೆಯಾಗುತ್ತವೆ. ತೀರಾ ಸೀರಿಯಸ್ ಆದ ರೋಗಿಗೆ ಹೆಲಿಕಾಪ್ಟರೇ ಗತಿ. ದೋಣಿಗಳನ್ನು ದಡಕ್ಕೆ ಎಳೆದು ಮುಚ್ಚಿಡುತ್ತಾರೆ. ಪ್ರವಾಸಿ ಅಷ್ಟರಲ್ಲಿ ಮನೆ ಸೇರಿರುತ್ತಾನೆ. ಈ ನಾಲ್ಕು ತಿಂಗಳು ಅಲ್ಲಿ ಬದುಕುವವರು ದ್ವೀಪದವರು ಮಾತ್ರ.

ಆದರೆ ವರ್ಷದ ಸಿಹಿನೀರು ಬರುವುದು ಇದೇ ‘ಆಫ್ ಸೀಸನ್’ನಲ್ಲಿ. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ, ಗುಡ್ಡ ಇಲ್ಲ. ನೆಲ ಇರುವುದೇ ಸಮುದ್ರಕ್ಕಿಂತ ಒಂದೆರಡು ಮೀಟರ್ ಮೇಲೆ. ಮಳೆನೀರು ಹವಳದ ಮರಳಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಬಾವಿಯಲ್ಲಿ ಸಿಗುವುದು ಆ ಕೆನೆ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬೋರ್‌ವೆಲ್ ಕೊರೆದು ಕೊರೆದು ಸೋತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕವರತ್ತಿಯಲ್ಲಿ 2005ರಲ್ಲೇ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಬೇಕಾಯಿತು. ಆಗ ಅಲ್ಲಿ ಯಾವ ವಿಲ್ಲಾದ ಈಜುಕೊಳವೂ ಇರಲಿಲ್ಲ.

ಪ್ರವಾಸಿಗಳು ಬರುವುದು ಮಳೆ ನಿಂತ ಮೇಲೆ, ಕೆನೆ ತೆಳುವಾಗುತ್ತಾ ಹೋಗುವ ತಿಂಗಳುಗಳಲ್ಲಿ. ಟ್ಯೂನಾ ಹಿಡಿಯುವುದೂ ಅದೇ ತಿಂಗಳುಗಳಲ್ಲಿ, ಅದೇ ನೀರಿನಲ್ಲಿ. ಜಗಳದ ಬೇರು ಇಲ್ಲಿದೆ.

ಅಲ್ಲಿಯ ಟ್ಯೂನಾ ಬೇಟೆ ನಮ್ಮ ಟ್ರಾಲ್ ಬೋಟಿನ ಹಾಗೆ ಬಲೆ ಎಳೆದು ಸಮುದ್ರ ಗುಡಿಸುವುದಲ್ಲ. ಮೊದಲು ಲಗೂನಿನಲ್ಲಿ, ಅಂದರೆ ಹವಳದ ದಂಡೆಯ ಒಳಗಿನ ತಿಳಿನೀರಿನಲ್ಲಿ, ಬೆರಳುದ್ದದ ಮೀನನ್ನು ಜೀವಂತ ಹಿಡಿಯಬೇಕು. ಅದನ್ನು ದೋಣಿಯೊಳಗೇ ನೀರಲ್ಲಿಟ್ಟು ಹೊರ ಸಮುದ್ರಕ್ಕೆ ಒಯ್ದು, ಟ್ಯೂನಾ ಹಿಂಡಿನ ಮಧ್ಯೆ ಎರಚಿ, ಗಾಳ ಕಟ್ಟಿದ ಕೋಲಿನಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಗೆ ಹಾಕುತ್ತಾರೆ. ಬೆರಳುದ್ದದ ಮೀನಿಗೆ ಆಸರೆ ಹವಳ. ಹವಳ ಸತ್ತರೆ ಮರಿಮೀನು ಇಲ್ಲ, ಮರಿಮೀನು ಇಲ್ಲದಿದ್ದರೆ ಟ್ಯೂನಾ ಇಲ್ಲ, ಟ್ಯೂನಾ ಇಲ್ಲದಿದ್ದರೆ ಮಿನಿಕಾಯ್‌ನಿಂದ ಅಗತ್ತಿವರೆಗೆ ಒಲೆ ಉರಿಯುವುದು ಕಷ್ಟ. ಆ ಲಗೂನಿನಲ್ಲೇ ಕಂಬ ಊರಿ ವಿಲ್ಲಾ ನಿಲ್ಲಿಸುತ್ತೇವೆ ಅನ್ನುತ್ತಾರೆ.

ಹವಳದ ಸ್ಥಿತಿಯೂ ಚೆನ್ನಾಗಿಲ್ಲ. 1998, 2010, 2016, ಮತ್ತೆ 2024: ನಾಲ್ಕು ಸಲ ನೀರು ಬಿಸಿಯೇರಿ ಹವಳ ಬಿಳಿಚಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಯಲ್ಲಿ 24 ವರ್ಷ ಲೆಕ್ಕ ಇಟ್ಟಿದ್ದಾರೆ. 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಶೇ. 19ರ ಆಸುಪಾಸಿಗೆ ಇಳಿದಿದೆ. ಅಲೆಯ ಹೊಡೆತವನ್ನು ತಡೆಯುವ ಗೋಡೆಯೂ ಈ ಹವಳವೇ. ಬಂಗಾರಂ ಹತ್ತಿರದ ಪರಳಿ ಎಂಬ ಪುಟ್ಟ ದ್ವೀಪ ಕೊರೆದು ಕೊರೆದು ಪೂರ್ತಿ ಮುಳುಗಿಯೇ ಹೋಯಿತು.

‘ಮಾಲ್ಡೀವ್ಸ್ ಮಾಡಿಲ್ಲವಾ?’ ಅಂತ ಕೇಳುವವರು ಲೆಕ್ಕ ನೋಡಲಿ. ಅವರ ಹತ್ತಿರ ಸುಮಾರು 1,200 ದ್ವೀಪಗಳಿವೆ. ರೆಸಾರ್ಟಿಗೆ ಒಂದು, ಊರಿಗೆ ಒಂದು ಅಂತ ಹಂಚಿಕೊಳ್ಳಲು ಜಾಗ ಇತ್ತು. ಲಕ್ಷದ್ವೀಪದ್ದು 36 ದ್ವೀಪ, ಎಲ್ಲಾ ಸೇರಿಸಿದರೂ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಷ್ಟರಲ್ಲೇ 64 ಸಾವಿರ ಜನ. ಎರಡಕ್ಕೂ ತಾಳೆ ಹಾಕುವುದು ನಮ್ಮ ಅರ್ಧ ಎಕರೆ ತೋಟಕ್ಕೆ ಟಾಟಾ ಟೀ ಎಸ್ಟೇಟಿನ ಬಜೆಟ್ ಹಾಕಿದ ಹಾಗೆ.

ಇನ್ನೊಂದು ಸೋಜಿಗ ನೋಡಿ. 2021ರಲ್ಲಿ ಮೀನುಗಾರರು ದಡದಲ್ಲಿ ಕಟ್ಟಿಕೊಂಡಿದ್ದ ಶೆಡ್‌ಗಳನ್ನು ಕರಾವಳಿ ನಿಯಮದ ಹೆಸರಲ್ಲಿ ಆಡಳಿತ ಕೆಡವಿತು. ಬಲೆ, ದೋಣಿಯ ಸಾಮಾನು ಇಡುವ ಶೆಡ್‌ಗಳು ಅವು. ದಡದ ಮೇಲಿನ ತಗಡಿನ ಶೆಡ್ ಪರಿಸರಕ್ಕೆ ಕೇಡು, ನೀರಿನ ಮೇಲಿನ ವಿಲ್ಲಾ ಅಭಿವೃದ್ಧಿ! ಪಂಡಾರ ಭೂಮಿಯದೂ ಇದೇ ಹಾಡು. ಕಾಗದದಲ್ಲಿ ಸರ್ಕಾರದ್ದು, ತಲೆಮಾರುಗಳಿಂದ ತೆಂಗು ನೆಟ್ಟು ಅನುಭವಿಸುತ್ತಿರುವವರು ದ್ವೀಪದವರು. 2024ರಲ್ಲಿ ಅದನ್ನು ವಾಪಸ್ ಪಡೆಯಲು ಆಡಳಿತ ಹೊರಟಾಗ ಜನ ಕೇರಳ ಹೈಕೋರ್ಟಿನ ಬಾಗಿಲು ತಟ್ಟಿದರು. ಬಗರ್ ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿ ಮೆಟ್ಟಿಲು ಸವೆಸಿದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

ಕೆಲಸ ಬೇಡವಾ ಅಲ್ಲಿಯ ಹುಡುಗರಿಗೆ? ಬೇಕು. ಓದಿದ ಹುಡುಗರು ಅಲ್ಲೂ ಇದ್ದಾರೆ, ಸರ್ಕಾರಿ ನೌಕರಿ ಎಲ್ಲರಿಗೂ ಸಿಗುವುದಿಲ್ಲ. ಆದರೆ ಅದಕ್ಕೆ ದಾರಿ 110 ಕೋಣೆಯೊಂದೇ ಅಲ್ಲ. ಅವರದೇ ಮನೆಯ ಎರಡು ಕೋಣೆ, ಅವರದೇ ದೋಣಿ, ಅವರದೇ ಡೈವಿಂಗ್ ಗೈಡ್. ದುಡ್ಡೂ ದ್ವೀಪದಲ್ಲೇ ಉಳಿಯುತ್ತದೆ, ಬಾವಿ ಎಷ್ಟು ತಾಳುತ್ತದೆ ಎಂಬ ಲೆಕ್ಕವೂ ಬಾವಿಯ ಯಜಮಾನನ ಕೈಯಲ್ಲಿರುತ್ತದೆ. ಪ್ರತಿ ದ್ವೀಪಕ್ಕೂ ಅದರದೇ ನಿರ್ವಹಣಾ ಯೋಜನೆ ಬೇಕು ಅಂತ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿ ಹೇಳಿತ್ತು. ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಇದ್ದವರೇ.

ರೆಸಾರ್ಟುಗಳು ಎದ್ದರೆ ಮಂಗಳೂರಿನಿಂದ ಹೋಗುವ ಜಲ್ಲಿ, ಸಿಮೆಂಟಿನ ಲೋಡು ಜಾಸ್ತಿಯಾಗಬಹುದು, ನಮ್ಮವರಿಗೆ ನಾಲ್ಕು ಕಾಸೂ ಸಿಗಬಹುದು. ಆ ಆಸೆಗೆ ನಮ್ಮ ಕರಾವಳಿಯ ನಾಯಕರು ಚಪ್ಪಾಳೆ ಹೊಡೆಯುವ ಮುಂಚೆ ಕಡಮತ್‌ನವರನ್ನು ಒಂದು ಮಾತು ಕೇಳಲಿ. ನೀವೂ ಅಷ್ಟೇ. ಪರ್ಮಿಟ್ ಮಾಡಿಸಿಕೊಂಡು ಹೋಗಿ, ಖಂಡಿತ ಹೋಗಿ. ಕೋಣೆ ಬುಕ್ ಮಾಡುವಾಗ ಬೆಲೆ ಕೇಳಿದ ಮೇಲೆ ಇನ್ನೂ ಎರಡು ವಿಷಯ ಕೇಳಿ: ಕೋಣೆ ನೆಲದ ಮೇಲಿದೆಯೋ ಲಗೂನಿನ ಮೇಲಿದೆಯೋ, ಸ್ನಾನದ ನೀರು ಯಾರ ಬಾವಿಯದು.